ನಾಲ್ಕು ಕ್ಯಾಮರಾ ಕಳುವಾದ ಪ್ರಕರಣ

ಸೋಮವಾರ ಬೆಳಗ್ಗೆ ಹತ್ತು ಮೂವತ್ತೈದಕ್ಕೆ ಪೀಠೋಪಕರಣ ಅಂಗಡಿಯ ಮಾಲೀಕ ಠಾಣೆಗೆ ಬಂದು ದೂರು ಕೊಟ್ಟ. ಮನೆಯ ಸುತ್ತ ಹಾಕಿಸಿದ್ದ ನಾಲ್ಕು ವೈರ್‌ಲೆಸ್ ಕ್ಯಾಮರಾ ಕಳುವಾಗಿವೆ. ಚಿನ್ನ ಇದ್ದಲ್ಲೇ ಇದೆ, ಟಿವಿ ಇದ್ದಲ್ಲೇ ಇದೆ.

"ಕಾವಲು ಕಾಯೋದನ್ನೇ ಹೊತ್ಕೊಂಡು ಹೋದ್ರಾ! ಭಲೇ ಕಳ್ಳ," ಎಂದ ಹೆಡ್ ಕಾನ್‌ಸ್ಟೆಬಲ್.

ಇನ್‌ಸ್ಪೆಕ್ಟರ್ ಮೇಡಂಗೆ ನಗು ಬರಲಿಲ್ಲ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ನಗು, ಅಳು ಎರಡೂ ಅವರನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಎಫ್‌ಐಆರ್ ಹಾಕಿಸಿ, ಹತ್ತು ಐವತ್ತೈದಕ್ಕೆ ಆ ಮನೆಯ ಗೇಟಿನ ಮುಂದೆ ಜೀಪು ನಿಲ್ಲಿಸಿದರು.

ಮನೆಯಲ್ಲಿದ್ದವರು ಇಬ್ಬರೇ, ದೂರುದಾರ ಮತ್ತು ಗಂಡ ಸತ್ತ ಮೇಲೆ ಬಂದು ಸೇರಿಕೊಂಡ ಅವನ ಅಕ್ಕ.

"ಯಾವಾಗ ಗೊತ್ತಾಯ್ತು?"

"ಹತ್ತೂ ಐದಕ್ಕೆ ಫೋನಲ್ಲಿ ನಾಲ್ಕೂ ಕಪ್ಪಾದ್ವು ಮೇಡಂ. ಅಂಗಡಿ ಬಿಟ್ಟು ಓಡಿ ಬಂದೆ. ವೈಫೈ ಪೆಟ್ಟಿಗೆ ಆಫಾಗಿತ್ತು, ಆನ್ ಮಾಡ್ದೆ. ನೋಡಿದ್ರೆ ಕ್ಯಾಮರಾನೇ ಇಲ್ಲ."

"ಆಗ ನೀವೆಲ್ಲಿದ್ರಿ ಅಮ್ಮ?"

"ಬಟ್ಟೆ ಒಗೀತಿದ್ದೆ," ಎಂದಳು ಅಕ್ಕ. ಅವಳ ಕೈ ಒಣಗಿತ್ತು.

ಪಂಚನಾಮೆ ಶುರುವಾಯಿತು. ಗೇಟು, ಜಗಲಿ, ಹಿತ್ತಲ ಬಾಗಿಲು, ಅಡುಗೆಮನೆ ಕಿಟಕಿ. ಕ್ಯಾಮರಾ ಬಿಚ್ಚಿದವರು ಒಂದೊಂದು ಸ್ಕ್ರೂವನ್ನೂ ವಾಪಸ್ ಅದರ ತೂತಿಗೇ ತಿರುಗಿಸಿಟ್ಟಿದ್ದರು. ಇಷ್ಟು ಅಚ್ಚುಕಟ್ಟಾದ ಕಳ್ಳನನ್ನು ಮೇಡಂ ಕಂಡಿರಲಿಲ್ಲ. ಹೆಡ್ ಕಾನ್‌ಸ್ಟೆಬಲ್ ಬೀದಿಯ ಮನೆಗಳನ್ನೆಲ್ಲ ವಿಚಾರಿಸಿ, ಹಳೇ ಸಾಮಾನಿನ ಅಂಗಡಿಗೂ ಹೋಗಿ ಬರಿಗೈಲಿ ಬಂದ.

ಹನ್ನೆರಡು ಇಪ್ಪತ್ತಕ್ಕೆ ದೂರುದಾರನ ಫೋನು ಟಿಂಗ್ ಎಂದಿತು. ಅವನು ಓದಿ ಬೆಪ್ಪಾದ. 'ಗೇಟ್ ಕ್ಯಾಮರಾ: ಚಾರ್ಜ್ ಪೂರ್ಣ.'

"ಅಯ್ಯೋ, ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ್ನಲ್ಲಾ!" ಎಂದ ಹೆಡ್ ಕಾನ್‌ಸ್ಟೆಬಲ್.

"ಈ ಮನೇಲಿ ಕ್ಯಾಮರಾ ಚಾರ್ಜ್‌ಗೆ ಹಾಕೋರು ಯಾರು?" ಮೇಡಂ ಕೇಳಿದರು.

"ಅಕ್ಕ. ಪ್ರತಿ ಸೋಮವಾರ," ಎಂದವನು ಅಲ್ಲಿಗೇ ನಿಲ್ಲಿಸಿದ.

ಅಕ್ಕನ ಕೋಣೆಯ ಮಂಚದ ಕೆಳಗೆ, ಹಳೇ ಸೀರೆಯ ಮರೆಯಲ್ಲಿ, ನಾಲ್ಕೂ ಸಾಲಾಗಿ ಚಾರ್ಜ್ ಆಗುತ್ತಿದ್ದವು. ಧೂಳು ಸಹ ಒರೆಸಿತ್ತು.

"ಕದ್ದ ಮೇಲೆ ಚಾರ್ಜ್ ಯಾಕೆ ಹಾಕಿದ್ರಿ?"

"ಬ್ಯಾಟರಿ ಖಾಲಿ ಬಿಟ್ರೆ ಬೈತಾನೆ."

"ಕದ್ದಿದ್ದು ಯಾಕೆ?"

ಅವಳು ಮಾರುಕಟ್ಟೆಯ ದರ ಹೇಳುವ ಹಾಗೆ ಹೇಳಿದಳು. ಮಗಳು ಸೋದರಮಾವನಿಗೆ ಹಿಡಿಸದವನನ್ನು ಮದುವೆಯಾದಳು. ಅವಳು ಗೇಟಿಗೆ ಬಂದಾಗಲೆಲ್ಲ ಅಂಗಡಿಯಲ್ಲಿ ಕುಳಿತ ತಮ್ಮ ಕ್ಯಾಮರಾದೊಳಗಿಂದಲೇ ಗದರಿಸಿ ಓಡಿಸುತ್ತಿದ್ದ. ತಾನು ಹೊಸ್ತಿಲು ದಾಟಿದರೂ, "ಅಕ್ಕಾ, ಎಲ್ಲಿಗೆ?" ಎಂದು ಗೋಡೆ ಕೇಳುತ್ತಿತ್ತು. ಈಗ ಮಗಳಿಗೆ ಮಗುವಾಗಿದೆ, ನಲವತ್ತು ದಿನ.

"ವೈಫೈ ಪೆಟ್ಟಿಗೆ ಒಂದೇ ಆಫ್ ಮಾಡಿದ್ರೆ, ಫೋನ್ ಮಾಡಿ ಆನ್ ಮಾಡಿಸ್ತಿದ್ದ. ಕಳುವಾದ್ರೆ ಹೊಸಾದು ತರೋಕೆ ಓಡ್ತಾನೆ, ಅಷ್ಟರಲ್ಲಿ ಮಗೂನ ಒಂದ್ಸಲ ಎತ್ಕೊಳ್ಳೋಣ ಅಂದ್ಕೊಂಡೆ. ಹನ್ನೊಂದಕ್ಕೆ ಬಾ ಅಂದಿದ್ದೆ. ಬಂದ್ಲು. ನಿಮ್ ಜೀಪ್ ನೋಡಿ ವಾಪಸ್ ಹೋದ್ಲು."

ಬೀದಿಯ ತಿರುವಿನಲ್ಲಿ ಬಟ್ಟೆಯ ಗಂಟು ಎದೆಗೊತ್ತಿಕೊಂಡು ನಿಂತಿದ್ದ ಹುಡುಗಿಯನ್ನು ಮೇಡಂ ಕಂಡಿದ್ದರು. ಬರೀ ಗಂಟು ಎಂದೇ ತಿಳಿದಿದ್ದರು.

"ಮನೆ ವಿಷಯ, ದೂರು ವಾಪಸ್ ತಗೊಳ್ಳಿ."

"ಆಗಲ್ಲ ಮೇಡಂ. ಅನ್ನ ಹಾಕಿದ ಮನೆಗೇ ಕನ್ನ! ಬುದ್ಧಿ ಬರಲಿ," ಎಂದ ತಮ್ಮ.

ಒಂದೂ ಹತ್ತಕ್ಕೆ ದಸ್ತಗಿರಿ ಪತ್ರಕ್ಕೆ ಸಹಿಯಾಯಿತು. ಅಕ್ಕ ಒಲೆ ಆರಿದೆಯೇ ಎಂದು ನೋಡಿ, ಚಪ್ಪಲಿ ಮೆಟ್ಟಿ, ಜೀಪು ಹತ್ತಿದಳು. ಗೇಟು ದಾಟುವಾಗ ಅಭ್ಯಾಸಬಲದಿಂದ ಖಾಲಿ ಗೋಡೆಯತ್ತ ಮುಖವೆತ್ತಿ ಒಂದು ಗಳಿಗೆ ಕಾದಳು. ಯಾರೂ ಕೇಳಲಿಲ್ಲ.

"ಠಾಣೇಲೂ ಕ್ಯಾಮರಾ ಇದ್ಯಾ ತಾಯಿ?"

"ಇದೆ."

"ನನ್ ತಮ್ಮನ ಫೋನಲ್ಲಿ ಕಾಣುತ್ತಾ?"

"ಇಲ್ಲ."

"ಹಾಗಾದ್ರೆ ನನ್ ಮಗಳಿಗೆ ಅಲ್ಲಿಗೇ ಬರೋಕೆ ಹೇಳ್ತೀರಾ? ಮಗೂಗೆ ಬೆಚ್ಚಗೆ ಹೊದಿಸ್ಕೊಂಡು ಬರ್ಲಿ."