ಮನವರಿತ ಲೆಕ್ಕ

ನೀಲಾಂಬಿಕೆ ಹಣೆಗೆ ಪಟ್ಟಿ ಕಟ್ಟಿಕೊಂಡು ಕಣ್ಣು ಮುಚ್ಚಿದಳು. ಸುರಂಗದ ಛಾವಣಿಯ ಬಂಡೆ ಎಷ್ಟು ಭಾರ ತಡೆದೀತು ಎಂದು ಮನಸ್ಸಿನಲ್ಲೇ ಅಂದುಕೊಂಡಳು. ಕಣ್ಣು ತೆರೆಯುವಷ್ಟರಲ್ಲಿ ಪರದೆಯ ಮೇಲೆ ಕೋಡ್‌ನ ಸಾಲುಗಳು ಒಂದರ ಕೆಳಗೊಂದು ಇಳಿಯುತ್ತಿದ್ದವು. ಅವಳು ಒಂದು ಬೆರಳನ್ನೂ ಅಲುಗಿಸಿರಲಿಲ್ಲ.

ನೆಲ ಸುರಕ್ಷತಾ ಕೇಂದ್ರದಲ್ಲಿ ಅವಳು ಹಿರಿಯ ಗಣಿತಜ್ಞೆ. ಗಣಿಗಳು ಮುಚ್ಚಿದ ಊರುಗಳಲ್ಲಿ ನೆಲ ಎಲ್ಲಿ ಕುಸಿದೀತು ಎಂದು ಮೊದಲೇ ಲೆಕ್ಕ ಹಾಕಿ ಹೇಳುವುದು ಅವಳ ಕೆಲಸ. ಅದಕ್ಕಾಗಿ ಬಳಸುವ ಗಣಿತದ ಸಾಫ್ಟ್‌ವೇರ್ ಹಳೆಯದು, ನಂಬಿಕೆಯದು. ಆದರೆ ಅದಕ್ಕೆ ಎಲ್ಲವನ್ನೂ ಕೀಲಿಮಣೆಯಲ್ಲಿ ಕುಟ್ಟಿಯೇ ಹೇಳಬೇಕಿತ್ತು. ಒಂದು ಆವರಣ ಚಿಹ್ನೆ ತಪ್ಪಿದರೆ ದಿನವಿಡೀ ಹುಡುಕಬೇಕು. ಸಂಧಿವಾತದಿಂದ ಅವಳ ಬೆರಳ ಗಂಟುಗಳು ಊದಿಕೊಂಡಿದ್ದವು. ಸಂಜೆಯಾದರೆ ನೀರಿನ ಲೋಟ ಹಿಡಿಯುವುದೂ ಕಷ್ಟ. ಹಾಗಾಗಿ ಕೇಂದ್ರದವರು ಹೊಸ ಇಂಟರ್‌ಫೇಸ್ ಆರಿಸಿಕೊಳ್ಳಲು ಹೇಳಿದಾಗ ಅವಳು ಹೆಚ್ಚು ಯೋಚಿಸಲಿಲ್ಲ. ಪರದೆಯ ಮೇಲೆ ಚಿತ್ರ ಬಿಡಿಸಿ ಹೇಳುವ ವಿಧಾನವೂ ಇತ್ತು. ಅದಕ್ಕೂ ಬೆರಳು ಬೇಕು. ಹಣೆಗೆ ಕಟ್ಟಿಕೊಳ್ಳುವ ಈ ಚಿಂತನಪಟ್ಟಿಗೆ ಮನಸ್ಸೊಂದಿದ್ದರೆ ಸಾಕು.

ಅದನ್ನು ರೂಪಿಸಿದ ಡಾ. ವಾದಿರಾಜ ಕಟ್ಟಿ ತಾವೇ ಬಂದು ಅದರ ಬಳಕೆ ಕಲಿಸಿದ್ದರು.

"ಲೆಕ್ಕ ಹಾಕುವವರು ಎಲ್ಲವನ್ನೂ ಬಿಡಿಸಿ ಹೇಳುವುದಿಲ್ಲ ಮೇಡಂ. ಬಂಡೆ ಎಷ್ಟು ನೆನೆದಿದೆ, ಬಿರುಕು ಎಷ್ಟು ಅಗಲ, ಇಂಥ ನೂರು ಅಂದಾಜುಗಳು ಉಳಿದುಬಿಡುತ್ತವೆ. ಕೀಲಿಮಣೆ ಅವನ್ನು ನಿಮ್ಮಿಂದ ಕೇಳಿ ಕೇಳಿ ಸುಸ್ತು ಮಾಡುತ್ತದೆ. ಈ ಪಟ್ಟಿ ನಿಮ್ಮ ಮನಸ್ಸಿನಲ್ಲಿ ಏನಿದೆಯೋ ನೋಡಿ ತಾನೇ ತುಂಬಿಕೊಳ್ಳುತ್ತದೆ."

"ತಪ್ಪಾಗಿ ತುಂಬಿಕೊಂಡರೆ?"

"ಸಾವಿರಾರು ಜನರ ಮೇಲೆ ಪರೀಕ್ಷೆ ಮಾಡಿದ್ದೇವೆ. ಒಮ್ಮೆಯೂ ಉತ್ತರ ತಪ್ಪಿಲ್ಲ."

ಅವರು ಸುಳ್ಳು ಹೇಳಿರಲಿಲ್ಲ.

ಆ ವರ್ಷ ಅವಳ ಮುಂದೆ ಬಂದ ಊರು ಹೊನ್ನಗುಂಡಿ. ಚಿನ್ನ ಮುಗಿದು ಗಣಿ ಮುಚ್ಚಿದ ಮೇಲೆ ಸುರಂಗಗಳಲ್ಲಿ ನೀರು ಏರುತ್ತಿತ್ತು. ಮೇಲೆ ಗಣಿ ಕೆಲಸಗಾರರ ಹಳೆಯ ಓಣಿಗಳು. ಅವುಗಳಲ್ಲಿ ಮೇಲಿನೋಣಿಯನ್ನು ಖಾಲಿ ಮಾಡಿಸಬೇಕೇ ಬೇಡವೇ ಎಂದು ಕೇಂದ್ರ ಹೇಳಬೇಕಿತ್ತು. ನೀಲಾಂಬಿಕೆ ಹುಟ್ಟಿದ್ದು ಅದೇ ಓಣಿಯಲ್ಲಿ. ತಾಯಿ ಸತ್ತ ಮೇಲೆ ಅವಳನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ ಶರಣವ್ವ ಈಗಲೂ ಅಲ್ಲೇ ಇದ್ದಳು. ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಜೋಳದ ರೊಟ್ಟಿ ಬಡಿದು ಊರೂರಿಗೆ ಕಳಿಸುತ್ತಿದ್ದಳು.

ಸುದ್ದಿ ತಿಳಿದ ದಿನವೇ ಅಕ್ಕ ಫೋನ್ ಮಾಡಿದಳು.

"ನಮ್ಮ ಓಣಿ ಎಬ್ಬಸ್ತಾರಂತ. ಖರೆ ಏನು ನೀಲಾ?"

"ಇನ್ನೂ ಲೆಕ್ಕ ಹಾಕಾಕತ್ತೀನಿ ಅಕ್ಕಾ."

"ಛಲೋತ್ನಾಗಿ ಹಾಕವಾ. ಒಬ್ಬೊಬ್ಬರನ್ನ ಒಂದೊಂದ್ ಕಡಿ ಒಗದ್ರ ನಾವೇನ್ ಬದುಕ್ತೀವಿ? ರೊಟ್ಟಿ ಬಡಿಯೂದು ಒತ್ತಟ್ಟಿಗಿರಲಿ, ಮಾತಾಡಾಕ ಯಾರ್ ಇರ್ತಾರ?"

ನೀಲಾಂಬಿಕೆ ಪಟ್ಟಿ ಕಟ್ಟಿಕೊಂಡು ಕುಳಿತಳು. ಉತ್ತರ ಬಂತು: ನೆಲ ಇನ್ನೂ ಒಂದು ತಲೆಮಾರು ತಡೆಯುತ್ತದೆ. ಅವಳು ನಿಷ್ಠೆಯಿಂದ ಮೊದಲಿನಿಂದ ಮತ್ತೊಮ್ಮೆ ಮಾಡಿದಳು. ಅದೇ ಉತ್ತರ. ಎದೆ ಹಗುರಾಯಿತು. ಮೇಲಿನೋಣಿಗೆ ಅಪಾಯವಿಲ್ಲ ಎಂದು ವರದಿಗೆ ಸಹಿ ಹಾಕಿದಳು. ಅಕ್ಕ ಓಣಿಗೆಲ್ಲ ಹೋಳಿಗೆ ಹಂಚಿದಳಂತೆ.

ಮುಂದಿನ ಮಳೆಗಾಲದ ಒಂದು ಮಧ್ಯಾಹ್ನ ಮೇಲಿನೋಣಿಯ ನಡುಭಾಗ ನೆಲದೊಳಕ್ಕೆ ಇಳಿಯಿತು. ರೊಟ್ಟಿ ಬಡಿಯುತ್ತಿದ್ದ ಮನೆಯೂ ಹೋಯಿತು. ಶರಣವ್ವನ ಜೊತೆ ನಾಲ್ವರು ಹೆಂಗಸರು ಸತ್ತರು. ಶರಣವ್ವನ ದೇಹವನ್ನು ಕಡೆಗೆ ತೆಗೆದರು.

ಮಣ್ಣು ಮಾಡಿ ಬಂದ ನೀಲಾಂಬಿಕೆ ಕೋಣೆಯ ಬಾಗಿಲು ಹಾಕಿಕೊಂಡು ಕೀಲಿಮಣೆ ಎಳೆದುಕೊಂಡಳು. ಸಾಫ್ಟ್‌ವೇರ್ ಹಳೆಯ ಚಾಳಿಯಂತೆ ಒಂದೊಂದನ್ನೂ ಕೇಳಿತು. ಬಂಡೆ ಎಷ್ಟು ನೆನೆದಿದೆ? ಬಿರುಕು ಎಷ್ಟು ಅಗಲ? ಕೇಳಿದಾಗಲೆಲ್ಲ ಅವಳು ನಿಂತು, ಅಳತೆಗಳನ್ನು ತೆರೆದು ನೋಡಿ, ನೋಯುವ ಬೆರಳಿನಿಂದ ಕುಟ್ಟಿದಳು. ಲೆಕ್ಕ ಮುಗಿಯಲು ವಾರವೇ ಹಿಡಿಯಿತು. ನೆಲ ಒಂದು ಮಳೆಗಾಲವನ್ನೂ ತಡೆಯುವಂತಿರಲಿಲ್ಲ.

ಎರಡು ಲೆಕ್ಕಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದಳು. ಪಟ್ಟಿ ತುಂಬಿದ್ದ ಅಂದಾಜುಗಳಲ್ಲಿ ಸುಳ್ಳೆನ್ನುವಂಥದ್ದು ಒಂದೂ ಇರಲಿಲ್ಲ. ಎಲ್ಲವೂ ವಿಜ್ಞಾನ ಒಪ್ಪುವ ಮಿತಿಯೊಳಗೇ ಇದ್ದವು. ಆದರೆ ಬಂಡೆ ಇರಬಹುದಾದಷ್ಟು ಗಟ್ಟಿಯಾಗಿತ್ತು, ಬಿರುಕು ಇರಬಹುದಾದಷ್ಟು ಕಿರಿದಾಗಿತ್ತು, ನೀರು ಆದಷ್ಟು ಕಡಿಮೆ ಇತ್ತು. ಎಲ್ಲವೂ ಒಂದೇ ಕಡೆಗೆ ವಾಲಿದ್ದವು.

ಕಟ್ಟಿಯವರು ಬಂದಾಗ ಅವರ ಮುಖ ಬಾಡಿತ್ತು. ಎರಡೂ ಲೆಕ್ಕಗಳನ್ನು ನೋಡಿದರು, ವಾದಕ್ಕಿಳಿಯಲಿಲ್ಲ. "ನಾನೇ ಹಾಕಿ ನೋಡುತ್ತೇನೆ" ಎಂದು ಪಟ್ಟಿ ಕಟ್ಟಿಕೊಂಡರು. ಸ್ವಲ್ಪ ಹೊತ್ತಿನಲ್ಲಿ ಅವರ ಮುಖ ಅರಳಿತು. "ನೋಡಿ ಮೇಡಂ. ಬಂಡೆಯೊಳಗೆ ಯಾರಿಗೂ ಕಾಣದ ದೋಷವಿತ್ತು ಎಂದು ಬರುತ್ತಿದೆ. ಇದನ್ನು ಯಾರೂ ಮೊದಲೇ ಹೇಳಲು ಸಾಧ್ಯವಿರಲಿಲ್ಲ. ನಿಮ್ಮ ತಪ್ಪೂ ಇಲ್ಲ, ಯಂತ್ರದ ತಪ್ಪೂ ಇಲ್ಲ."

ನೀಲಾಂಬಿಕೆ ಅವರನ್ನೇ ನೋಡಿದಳು. "ಲೆಕ್ಕಕ್ಕೆ ಕೂರುವಾಗ ನಿಮಗೆ ಯಾವ ಉತ್ತರ ಬೇಕಿತ್ತು ಕಟ್ಟಿಯವರೇ?"

ಅವರು ನಿಧಾನವಾಗಿ ಹಣೆಯ ಪಟ್ಟಿ ಬಿಚ್ಚಿದರು. "ಪರೀಕ್ಷೆಗೆ ಬಂದವರಿಗೆಲ್ಲ ಪುಸ್ತಕದ ಲೆಕ್ಕಗಳನ್ನೇ ಕೊಟ್ಟಿದ್ದೆವು" ಎಂದರು. "ಉತ್ತರ ಏನು ಬಂದರೂ ಅವರಿಗೆ ಆಗಬೇಕಾದ್ದು ಏನೂ ಇರಲಿಲ್ಲ."

ಕೇಂದ್ರ ಪಟ್ಟಿಗಳನ್ನು ಹಿಂದಕ್ಕೆ ಪಡೆಯಿತು. ನೀಲಾಂಬಿಕೆ ರಜೆ ತೆಗೆದುಕೊಳ್ಳಲಿಲ್ಲ. ಅದೇ ಊರಿನ ಕೆಳಗಿನೋಣಿಯ ಲೆಕ್ಕವನ್ನೂ ಕೀಲಿಮಣೆಯಲ್ಲೇ ಮುಗಿಸಿದಳು. ಅದನ್ನೂ ಖಾಲಿ ಮಾಡಿಸಬೇಕಿತ್ತು. ಆದೇಶ ಹೊರಡುವ ಮೊದಲು ತಾನೇ ಹೋಗಿ ಹೇಳಬೇಕೆನಿಸಿ ಹೊನ್ನಗುಂಡಿಗೆ ಹೋದಳು.

ಕೆಳಗಿನೋಣಿಯ ಬಸಮ್ಮ ಎಂಬ ಮುದುಕಿ ಮನೆಯ ಕಟ್ಟೆಯ ಮೇಲೆ ಕುಳಿತಿದ್ದಳು. ಮೇಲಿನೋಣಿಗೆ ರೊಟ್ಟಿ ಬಡಿಯಲು ಹೋಗಿ ಸತ್ತವರಲ್ಲಿ ಅವಳ ಸೊಸೆಯೂ ಒಬ್ಬಳು. ನೀಲಾಂಬಿಕೆ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಅವಳು ಕೇಳಿದಳು: "ಈಗ ಬಂದು ಹೇಳ್ತಿಯಲ್ಲವಾ, ಆಗ ಯಾಕ ಹೇಳಲಿಲ್ಲ?"

ಯಂತ್ರದ ಮಾತು ನೀಲಾಂಬಿಕೆಯ ನಾಲಿಗೆಯ ತುದಿಗೆ ಬಂತು. ಅವಳು ಅದನ್ನು ಆಡಲಿಲ್ಲ.

"ನೀವೆಲ್ಲ ಇಲ್ಲೇ ಇರ್ಬೇಕು ಅಂತ ನನಗ ಭಾಳ ಆಸೆ ಇತ್ತು, ಆಯಿ."

ಬಸಮ್ಮ ಅವಳ ಊದಿದ ಕೈಗಳನ್ನು ನೋಡಿದಳು, ಮುಖ ನೋಡಿದಳು. ಗೋಡೆ ಹಿಡಿದು ಮೇಲೆದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಗೋಡೆಗೂಡಿನ ಪಾತ್ರೆಗಳನ್ನು ಒಂದೊಂದಾಗಿ ಕೆಳಗಿಳಿಸಿ ಚೀಲಕ್ಕೆ ತುಂಬುವ ಸದ್ದು ಕೇಳಿಸತೊಡಗಿತು.