ಬಾಟಲಿಯೊಳಗಿನ ಹಸಿರು ಬೂಷ್ಟು

ಬಾಗಿಲು ತಟ್ಟಿದ ಸದ್ದು...

ಹೊರಗೆ ಕತ್ತಲಾಗಿತ್ತು. ಜಕ್ಕೂರಿನ ಆ ಸಂಶೋಧನಾಲಯದಲ್ಲಿ ಉಳಿದಿದ್ದವಳು ದಾಕ್ಷಾಯಣಿ ಒಬ್ಬಳೇ. ತೆರೆದರೆ, ಎದುರಿಗೆ ಶರಣು.

“ನಿಮ್ಮ ಏಪ್ರನ್ ಕೊಡ್ರಿ.”

“ಯಾಕ್ರಿ?”

ಕೊಕ್ಕೆಯಲ್ಲಿದ್ದ ಬಿಳಿ ಏಪ್ರನ್ ತೆಗೆದುಕೊಂಡು ಅವನು ಹೊರಟೇಹೋದ.

ದಾಕ್ಷಾಯಣಿ ಗದಗಿನ ಪದವಿ ಕಾಲೇಜಿನಿಂದ ತರಬೇತಿಗೆ ಬಂದವಳು. ಬಾಳೆಯ ಮೊಳಕೆಯನ್ನು ಬಾಟಲಿಯಲ್ಲಿ ಬೆಳೆಸುವ ಕೆಲಸ. ಕಾಲೇಜಿನಲ್ಲಿ ಬರೀ ಚಿತ್ರ ಬರೆದು ಅಂಕ ಪಡೆದದ್ದನ್ನು ಇಲ್ಲಿ ಮೊದಲ ಬಾರಿಗೆ ಕೈಯಾರೆ ಮಾಡುತ್ತಿದ್ದಳು. ಆದರೆ ಅವಳ ಬಾಟಲಿಗಳಿಗೆ ಮಾತ್ರ ಹಸಿರು ಬೂಷ್ಟು! ಇನ್ನೊಮ್ಮೆ ಹೀಗಾದರೆ ಊರಿಗೆ ಮರಳಬೇಕೆಂದು ಮೇಲ್ವಿಚಾರಕಿ ಪ್ರತಿಭಾ ಎಚ್ಚರಿಸಿದ್ದರು. ತರಬೇತಿ ಮುಗಿಸಿದವರಲ್ಲಿ ಒಬ್ಬರಿಗೆ ಇಲ್ಲೇ ಕೆಲಸ. ಅದಕ್ಕೆ ಕಾದಿದ್ದ ಇನ್ನೊಬ್ಬ, ರಾಯಚೂರಿನ ಈ ಶರಣು.

ನನ್ನ ಬಾಟಲಿಗಳನ್ನು ಕೆಡಿಸುತ್ತಿರುವವನು ಇವನೇ ಇರಬಹುದೇ...?

ಮನಸ್ಸು ನೊಂದಿತು. ಅವನ ಮೌನ ಅವಳಿಗೆ ಇಷ್ಟವಾಗತೊಡಗಿ ಬಹಳ ದಿನವಾಗಿತ್ತು.

ಕೆಲವು ದಿನಗಳ ಬಳಿಕ ಅವನು, ಬೂಷ್ಟು ತಾಗಿದರೆ ಬೆಳೆದು ಕಾಣುವಂಥ ಜೆಲ್ಲಿ ಹರಡಿದ ಎರಡು ಗಾಜಿನ ತಟ್ಟೆಗಳನ್ನು ಅವಳ ಮುಂದಿಟ್ಟ. ಒಂದಕ್ಕೆ ತನ್ನ ಏಪ್ರನ್ನಿನ ಜೇಬನ್ನು ಒತ್ತಿದ್ದ, ಇನ್ನೊಂದಕ್ಕೆ ಅವಳದನ್ನು. ಮೊದಲನೆಯದು ಸ್ವಚ್ಛವಾಗಿತ್ತು. ಎರಡನೆಯದರಲ್ಲಿ ಅದೇ ಹಸಿರು.

“ಕಿಸೆದಾಗ ಏನ್ ಇಟ್ಕೋತೀರಿ?” ತಲೆಯೆತ್ತದೆ ಕೇಳಿದ.

ಅವಳಿಗೆ ಥಟ್ಟನೆ ಹೊಳೆಯಿತು. ಪ್ರತಿ ಬೆಳಿಗ್ಗೆ ಅವಳ ಕಪಾಟಿನ ಹಿಡಿಗೆ ಯಾರೋ ಒಂದು ಮೊಳ ಮಲ್ಲಿಗೆ ಸಿಕ್ಕಿಸುತ್ತಿದ್ದರು. ಕಸ ಗುಡಿಸುವ ಯಲ್ಲಮ್ಮನ ಅಕ್ಕರೆ ಎಂದೇ ತಿಳಿದಿದ್ದಳು. ಒಳಗೆ ಹೂ ಮುಡಿಯುವಂತಿಲ್ಲ. ಕೊಟ್ಟ ಹೂ ಎಸೆಯಬಾರದೆಂದು ಅವ್ವ ಕಲಿಸಿದ್ದಳು. ಹಾಗಾಗಿ ಒದ್ದೆ ಕರವಸ್ತ್ರದಲ್ಲಿ ಸುತ್ತಿ, ಜೇಬಿಗಿಟ್ಟೇ ಕೆಲಸಕ್ಕೆ ಕೂರುತ್ತಿದ್ದಳು!

ಊಹೆ ಸಾಲದು, ಪರೀಕ್ಷಿಸಬೇಕು ಎಂದಳು. ಹೊಸ ಏಪ್ರನ್, ಬರಿದಾದ ಜೇಬು, ಹೊಸ ಬಾಟಲಿಗಳು. ಕಾದಳು... ಒಂದರಲ್ಲೂ ಬೂಷ್ಟು ಮೂಡಲಿಲ್ಲ. ಎಳೆಯ ಬಾಳೆಯೆಲೆಗಳು ಗಾಜಿಗೆ ತಾಗಿ ನಿಂತವು. ಪ್ರತಿಭಾ ಅವಳನ್ನು ಉಳಿಸಿಕೊಂಡರು. ಹೂವಿನ ವಿಷಯ ದಾಕ್ಷಾಯಣಿ ಕೇಳಿದಾಗ ಯಲ್ಲಮ್ಮ ತನಗೇನೂ ಗೊತ್ತಿಲ್ಲವೆಂದು ಶರಣುವಿನ ಮೇಜಿನತ್ತ ನೋಡಿ ನಕ್ಕುಬಿಟ್ಟಳು.

ಸಂಜೆ ದಾಕ್ಷಾಯಣಿ ಶರಣುವಿನ ಮೇಜಿನೆದುರು ನಿಂತಳು.

“ಹೂವಿಟ್ಟ ಕಳ್ಳ ಯಾರು ಅಂತ ಮ್ಯಾಡಮ್ ಕೇಳ್ಯಾರ.”

ಅವನ ಕಿವಿಗಳು ಕೆಂಪಾದವು.

“ನನಗೇನ್ ಸಿಟ್ಟಿಲ್ರಿ. ನಾಳೆಯಿಂದ ಸಂಜೀಮುಂದ ಕೊಡು, ಕೈಯಾಗ ಕೊಡು ಅಂತ ಅವಗ ಹೇಳೂದೈತಿ. ಹೆಸರು ಗೊತ್ತೈತೇನ್ರಿ ನಿಮಗ?”

ಅವನು ಕೊನೆಗೂ ಅವಳ ಕಣ್ಣನ್ನು ನೋಡಿದ.

“ಶರಣು.”