ನೂರ ಹದಿನೇಳನೆಯ ಕಾರ್ಡು

ಬಂದವನ ಮುಖಕ್ಕಿಂತ ಮೊದಲು ಗೋಪಾಲಮ್ಮನ ಕಣ್ಣಿಗೆ ಬಿದ್ದದ್ದು ಅವನ ಬೆರಳುಗಳು. ಉಗುರಿನ ಸುತ್ತ ನವಿಲುಬಣ್ಣ. ಬೆಳೆಗೆ ಹೊಡೆಯುವ, ಎಷ್ಟು ತೊಳೆದರೂ ಹೋಗದ ಮೈಲುತುತ್ತದ ಬಣ್ಣ.

ಆ ಬಣ್ಣವನ್ನು ಅವಳು ಬಲ್ಲಳು. ಕಾಲೇಜಿನ ಆಫೀಸಿನಲ್ಲಿ, ಅವಳ ಮೇಜಿನ ಮೇಲೆ, ಎರಡು ಜವಾಬು ಕಾರ್ಡುಗಳಿದ್ದವು. ಎರಡರ ಮೂಲೆಯಲ್ಲೂ ಇದೇ ಬಣ್ಣದ ಹೆಬ್ಬೆರಳ ಗುರುತು ಇತ್ತು. ಎರಡನೆಯದರಲ್ಲಿ ಗೀಟಿನ ಬದಲು 'ಹೂ ಬಿಟ್ಟಿದೆ. ಕಾಯಿ ಕಚ್ಚಲಿ, ಆಮೇಲೆ ಬರೆಯುತ್ತೇನೆ' ಎಂದಷ್ಟೇ ಇತ್ತು.

"ಮುನಿಯಣ್ಣ ಇಲ್ವಾ?" ಎಂದ ಅವನು, ಸೈಕಲ್ಲನ್ನು ಅಂಗಡಿಯ ಕಂಬಕ್ಕೆ ಒರಗಿಸುತ್ತ.

"ಅಪ್ಪ ಊಟಕ್ಕೆ ಹೋಗಿದ್ದಾರೆ. ಏನು ಬೇಕಿತ್ತು?"

"ಕಡಲೆಕಾಯಿ ಹಿಂಡಿ, ಎರಡು ಮೂಟೆ. ಗಾಡಿ ಆಮೇಲೆ ಬರುತ್ತೆ."

"ಹಸುಗಳಿಗಾ?"

"ಅಲ್ಲ, ದ್ರಾಕ್ಷಿ ಬಳ್ಳಿಗೆ."

"ಕಾಯಿ ಕಚ್ಚಿದೆಯಾ?"

ಅವನು ತಲೆಯೆತ್ತಿ ನೋಡಿದ. ಯಲಹಂಕದ ಹಿಂಡಿ ಬೂಸಾ ಅಂಗಡಿಯಲ್ಲಿ ಇಷ್ಟು ವರ್ಷ ಯಾರೂ ಕೇಳದ ಪ್ರಶ್ನೆ. ಕೇಳಿದವಳು ತೂಕದ ಕಲ್ಲುಗಳನ್ನು ಸಾಲಾಗಿ ಜೋಡಿಸುತ್ತಿದ್ದಳು, ಏನೂ ಆಗಿಲ್ಲ ಎನ್ನುವಂತೆ.

"ಈಗಷ್ಟೇ ಕಚ್ಚುತ್ತಾ ಇದೆ," ಎಂದು ನಕ್ಕ. "ನಮ್ಮ ಕಾಲೇಜಲ್ಲಿ ಒಬ್ಬ ಗುಮಾಸ್ತ ಇದಾನೆ, ಅವನಿಗೂ ಇದೇ ಚಿಂತೆ. ಬಿ.ಎಸ್ಸಿ. ಮುಗಿಸಿದೋರೆಲ್ಲ ಏನು ಮಾಡ್ತಾ ಇದೀರಿ ಅಂತ ಕಾರ್ಡ್ ಮೇಲೆ ಕಾರ್ಡ್. ವೈ. ಎಂ. ಜಿ. ಅಂತ ರುಜು ಹಾಕ್ತಾನೆ. ಅಕ್ಷರ ಮುತ್ತಿನ ಹಂಗಿದೆ, ಆದ್ರೆ ವಯಸ್ಸಾಗಿರಬೇಕು."

"ವಯಸ್ಸಾಗಿದೆ ಅಂತ ಹೇಗೆ ಹೇಳ್ತೀರಿ?"

"ಬೈಯೋ ರೀತಿ ನೋಡಿದ್ರೆ ಗೊತ್ತಾಗಲ್ವಾ? 'ನಿಮ್ಮ ದ್ರಾಕ್ಷಿಗಾಗಿ ವಿಶ್ವವಿದ್ಯಾಲಯ ಕಾಯುವುದಿಲ್ಲ' ಅಂತ ಬರೆದಿದಾನೆ. ರಿಟೈರಾಗೋಕೆ ಎರಡು ವರ್ಷ ಇರೋರು ಮಾತ್ರ ಹಿಂಗೆ ಬರೀತಾರೆ."

ಚೀಟಿ ಬರೆಯಲು ಪೆನ್ಸಿಲ್ ಎತ್ತಿಕೊಂಡಿದ್ದ ಯಲಹಂಕದ ಮುನಿಯಣ್ಣನ ಮಗಳು ಗೋಪಾಲಮ್ಮ ಅದನ್ನು ಮೆಲ್ಲಗೆ ಕೆಳಗಿಟ್ಟಳು. ಮುತ್ತಿನಂಥ ಅಕ್ಷರವನ್ನು ಅವನೆದುರು ಬರೆಯುವ ಹಾಗಿರಲಿಲ್ಲ.

"ಚೀಟಿ ಅಪ್ಪ ಬಂದು ಕೊಡ್ತಾರೆ," ಎಂದಳು. ನಗು ತುಟಿಯ ಅಂಚಿಗೆ ಬಂದು ನಿಂತಿತ್ತು. "ಆ ಮುದುಕನಿಗೆ ಒಂದು ಗೀಟು ಹಾಕಿ ಕಳಿಸಬಾರದಾ?"

"ಎಲ್ಲಿ ಹಾಕಲಿ? ಸರ್ಕಾರಿ ನೌಕರಿ, ಖಾಸಗಿ ನೌಕರಿ, ಮುಂದಿನ ಓದು, ನಿರುದ್ಯೋಗಿ. ಇರೋದೇ ನಾಲ್ಕು ಸಾಲು. ದಿನಾ ಬೆಳಗ್ಗೆ ಐದು ಗಂಟೆಗೆ ಎದ್ದು ತೋಟಕ್ಕೆ ಹೋಗೋನು ನಿರುದ್ಯೋಗಿ ಹೇಗಾಗ್ತಾನೆ, ನೀವೇ ಹೇಳಿ."

ಅವಳಿಗೆ ಆ ಪ್ರಶ್ನೆ ಬಹಳ ಹಿಡಿಸಿತು.

ಅದು ಸಾವಿರದ ಒಂಬೈನೂರ ಅರವತ್ತನೆಯ ಇಸವಿಯ ನವೆಂಬರು. ಆ ವರ್ಷ ಪಾಸಾದ ನೂರ ಹದಿನೆಂಟು ಜನ ಈಗ ಎಲ್ಲೆಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂದು ಪಟ್ಟಿ ಮಾಡಲು ಪ್ರಿನ್ಸಿಪಾಲರು ಅವಳನ್ನು ಹಂಗಾಮಿ ಕೆಲಸಕ್ಕೆ ತೆಗೆದುಕೊಂಡಿದ್ದರು. ಅವಳೂ ಆ ನೂರ ಹದಿನೆಂಟರಲ್ಲಿ ಒಬ್ಬಳು. ಬಿ.ಎ. ಓದಿದವಳು. ವಿಜ್ಞಾನದ ಹುಡುಗರು ಬೇರೆ ಕಟ್ಟಡ. ಸೈಕಲ್ಲಿನಲ್ಲಿ ಬಂದ ಈ ಅಮೃತಹಳ್ಳಿಯ ರಾಮಕೃಷ್ಣಪ್ಪನ ಹೆಸರು ಅವಳಿಗೆ ಪಟ್ಟಿಯಿಂದಲೇ ಗೊತ್ತು.

ಪಟ್ಟಿ ಮುಗಿದ ದಿನ ಅವಳ ಕೆಲಸವೂ ಮುಗಿಯುತ್ತಿತ್ತು. ಆ ದಿನಕ್ಕಾಗಿ ಮನೆಯಲ್ಲಿ ತಾಯಿ ಲಕ್ಕಮ್ಮ ಕಾದಿದ್ದರು. ದೊಡ್ಡಬಳ್ಳಾಪುರದಿಂದ ಒಂದು ಸಂಬಂಧ ಬಂದಿತ್ತು. ಆ ಹುಡುಗನಿಗೆ ಬಿ.ಎ. ಓದಿದ ಹೆಂಡತಿ ಬೇಕು, ಕೆಲಸಕ್ಕೆ ಹೋಗುವ ಹೆಂಡತಿ ಬೇಡ.

"ಇನ್ನೂ ಎಷ್ಟು ಜನ ಉಳಿದವ್ರೆ ನಿನ್ನ ಪಟ್ಟೀಲಿ?" ಎಂದು ಲಕ್ಕಮ್ಮ ಸೊಪ್ಪು ಸೋಸುತ್ತ ದಿನಾ ಸಂಜೆ ಕೇಳುವರು.

"ಇದಾರಮ್ಮ," ಎನ್ನುವಳು ಮಗಳು.

ಡಿಸೆಂಬರು ಮುಗಿಯುವ ಹೊತ್ತಿಗೆ ನೂರ ಹದಿನಾರು ಕಾರ್ಡು ಬಂದಿದ್ದವು. ಉಳಿದದ್ದು ಎರಡು: ಒಂದು ರಾಮಕೃಷ್ಣಪ್ಪನದು, ಇನ್ನೊಂದು ಅವಳದೇ.

"ಅವನನ್ನ ನಿರುದ್ಯೋಗಿ ಅಂತ ಹಾಕ್ಬಿಡಮ್ಮ," ಎಂದರು ಪ್ರಿನ್ಸಿಪಾಲರು.

"ಆಗಲ್ಲ ಸಾರ್. ಅವರು ಹಾಗೆ ಹೇಳಿಲ್ಲ."

ಭಾನುವಾರ ಅಂಗಡಿಯಲ್ಲಿ ಕೂರುವುದು ಮೊದಲು ಅವಳಿಗೆ ಬೇಸರದ ಕೆಲಸವಾಗಿತ್ತು. ಈಗ ಸ್ನಾನ ಮುಗಿಸಿ, ಹೆರಳಿಗೆ ಕನಕಾಂಬರ ಮುಡಿದು, ಅಪ್ಪನಿಗಿಂತ ಮೊದಲೇ ಬಂದು ಬಾಗಿಲ ಹಲಗೆ ತೆಗೆಯುವಳು. ಹಿಂಡಿ ಬಳ್ಳಿಗಿಂತ ಹೆಚ್ಚಾಗಿ ಅವನಿಗೇ ಬೇಕಾದಂತಿತ್ತು. ಒಂದು ವಾರ ಎರಡು ಮೂಟೆ, ಮುಂದಿನ ವಾರ ಒಂದು, ಅದರ ಮುಂದಿನ ವಾರ "ಬೆಲೆ ಕೇಳಿಕೊಂಡು ಹೋಗೋಣ ಅಂತ ಬಂದೆ."

"ಹೋದ ವಾರದ್ದೇ ಬೆಲೆ," ಎನ್ನುವಳು.

"ಬದಲಾಗಿರಬಹುದು ಅಂದ್ಕೊಂಡೆ."

"ಒಂದು ವಾರದಲ್ಲಾ?"

"ಒಂದು ವಾರದಲ್ಲಿ ಎಷ್ಟೋ ಬದಲಾಗುತ್ತೆ," ಎಂದು ಅವನು ಕನಕಾಂಬರದ ಕಡೆ ನೋಡಿ, ತಕ್ಷಣ ಬೂಸಾ ಚೀಲದ ಕಡೆ ನೋಡುವನು. ಆ ಚೀಲದಲ್ಲಿ ನೋಡುವಂಥದ್ದು ಏನೂ ಇರುತ್ತಿರಲಿಲ್ಲ.

ಸಂಕ್ರಾಂತಿಯ ಹಿಂದಿನ ಭಾನುವಾರ ಅವಳು ನೆಂಟರ ಮನೆಗೆ ಹೋಗಿದ್ದಳು. ಅದಾದ ಮೇಲೆ ಅವನು ಅಂಗಡಿಗೆ ಬರುವುದು ನಿಂತಿತು. ಅವಳು ಬರೆದ ನಾಲ್ಕನೆಯ ಕಾರ್ಡಿಗೂ ಐದನೆಯದಕ್ಕೂ ಒಂದಕ್ಷರ ಜವಾಬಿಲ್ಲ.

ಫೆಬ್ರವರಿಯ ಕೊನೆಯಲ್ಲಿ ಒಂದು ಬೆಳಗ್ಗೆ ಅವಳು ಸ್ಟೇಷನ್ನಿಗೆ ನಡೆಯುತ್ತಿದ್ದಾಗ ಎತ್ತಿನ ಗಾಡಿಯೊಂದು ಎದುರಾಯಿತು. ಬಿದಿರು ಬುಟ್ಟಿಗಳು, ಅವುಗಳ ಮೇಲೆ ಹಸಿ ಎಲೆ, ಎಲೆಯ ಸಂದಿಯಲ್ಲಿ ಕಡುನೀಲಿ ಗೊಂಚಲು.

"ಎಲ್ಲಿಯ ಹಣ್ಣಪ್ಪಾ?" ಎಂದು ಗಾಡಿಯವನನ್ನು ಕೇಳಿದಳು.

"ಅಮೃತಳ್ಳಿ ದೊಡ್ಡಮುನಿಯಪ್ಪನ ತೋಟದ್ದು ಕಣವ್ವ. ಅವ್ರ ಮಗ ರಾಮಕೃಷ್ಣಪ್ಪ ಬೆಳೆದಿರೋದು. ಮೂರನೇ ಗಾಡಿ ಇದು."

ರೈಲು ಯಶವಂತಪುರ ದಾಟುವವರೆಗೂ ಅವಳು ಕಿಟಕಿಯಾಚೆಗೇ ನೋಡುತ್ತ ಕುಳಿತಿದ್ದಳು. ಹೂವಾಯಿತು, ಕಾಯಾಯಿತು, ಹಣ್ಣೂ ಮಾರುಕಟ್ಟೆಗೆ ಹೋಯಿತು. ಕಾರ್ಡು ಮಾತ್ರ ಬರಲಿಲ್ಲ. ತನಗೆ ಬೇಸರವಾಗಿರುವುದು ಕಾರ್ಡಿಗಾಗಿ ಅಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೆ ಕೇಳಲು ಹಕ್ಕಿದ್ದದ್ದು ಕಾರ್ಡನ್ನು ಮಾತ್ರ.

ಭಾನುವಾರ ಕೊಡೆ ಹಿಡಿದು ಹೊರಟಳು. ಜಕ್ಕೂರು ಕೆರೆ ಏರಿಯ ಮೇಲೆ ನಡೆದು, ಅಮೃತಹಳ್ಳಿಯ ತೋಟದ ಬೇಲಿ ದಾಟಿದಾಗ ಒಬ್ಬ ಹೆಂಗಸು ಸೆರಗಿಗೆ ಕೈ ಒರೆಸಿಕೊಂಡು ಎದುರು ಬಂದರು. ಅವನ ತಾಯಿ ಸುಬ್ಬಮ್ಮ.

"ಯಾರವ್ವಾ ನೀನು? ಬಿಸಿಲಾಗೆ ಬಂದಿದ್ದೀಯ. ಬಾ, ಇಂಗ್ ಬಾ ನೆಳ್ಳಿಗೆ."

"ಕಾಲೇಜಿಂದ ಬಂದಿದ್ದೀನಮ್ಮ. ನಿಮ್ಮ ಮಗನ ಹತ್ರ ಒಂದು ಕಾರ್ಡ್ ಬಾಕಿ ಇದೆ."

ಸುಬ್ಬಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. "ಓ, ನೀನೇನಾ," ಎಂದರು. "ಕಾರ್ಡೆಲ್ಲ ಅಕ್ಕಿ ಡಬ್ಬದಾಗೆ ಇಟ್ಟವ್ನೆ, ಇಲಿ ಕಡೀತಾವೆ ಅಂತ. ಅಲ್ಲವ್ನೆ ನೋಡು, ಚಪ್ಪರದ ಕೆಳಗೆ. ನಾನು ಮಜ್ಜಿಗೆ ತತ್ತೀನಿ."

ಚಪ್ಪರದ ಕೆಳಗೆ ಬಿಸಿಲು ಚೂರುಚೂರಾಗಿ ಬಿದ್ದಿತ್ತು. ರಾಮಕೃಷ್ಣಪ್ಪ ಕತ್ತರಿ ಹಿಡಿದು ಗೊಂಚಲು ಬಿಡಿಸುತ್ತಿದ್ದ. ಅವಳನ್ನು ಕಂಡು ಬಿಡಿಸಿದ ಗೊಂಚಲನ್ನು ಬುಟ್ಟಿಗೆ ಹಾಕುವುದನ್ನೂ ಮರೆತು, ಹಿಡಿದುಕೊಂಡೇ ನಿಂತ.

"ಬನ್ನಿ, ವೈ. ಎಂ. ಜಿ.," ಎಂದ.

ಗೋಪಾಲಮ್ಮನ ಕೊಡೆ ಅರ್ಧ ಮಡಿಸಿದಲ್ಲೇ ನಿಂತಿತು. "ಯಾವಾಗ ಗೊತ್ತಾಯ್ತು?"

"ಸಂಕ್ರಾಂತಿ ಹಿಂದಿನ ವಾರ. ನೀವಿರಲಿಲ್ಲ. ನೀವು ಬರೆದಿಟ್ಟು ಹೋಗಿದ್ದ ಚೀಟಿ ಕೊಟ್ರು ನಿಮ್ಮಪ್ಪ. ಆ ಅಕ್ಷರ ನನಗೆ ಗೊತ್ತಾಗದೆ ಇರುತ್ತಾ? ಕೇಳ್ದೆ. ಮಗಳದ್ದು, ಹಂಗಾಮಿ ಕೆಲಸ, ಯಾವನೋ ಒಬ್ಬ ಪುಣ್ಯಾತ್ಮ ಕಾರ್ಡ್ ಕಳಿಸಿಲ್ಲ, ಅದಕ್ಕೇ ಇನ್ನೂ ನಡೀತಿದೆ ಅಂದ್ರು. ಮುಗಿದ ಮೇಲೆ ದೊಡ್ಡಬಳ್ಳಾಪುರ ಅಂತಾನೂ ಅಂದ್ರು."

"ಅದಕ್ಕೆ?"

"ಅದಕ್ಕೆ ಕಳಿಸ್ಲಿಲ್ಲ. ನಾನು ಗೀಟು ಹಾಕಿದ್ರೆ ನಿಮ್ಮ ಕೆಲಸ ಹೋಗುತ್ತೆ. ಅಂಗಡಿಗೆ ಬಂದ್ರೆ ನೀವು ಕೇಳ್ತೀರಿ, ಕೇಳಿದ್ರೆ ಇಲ್ಲ ಅನ್ನೋಕೆ ನನ್ ಕೈಲಾಗಲ್ಲ."

ಇಷ್ಟು ದಿನ ಅವಳು ಏನೇನೋ ಊಹಿಸಿದ್ದಳು. ಇದೊಂದನ್ನು ಊಹಿಸಿರಲಿಲ್ಲ. ಎದೆಯೊಳಗೆ ಏನೋ ಮೆತ್ತಗಾಯಿತು. ಆದರೂ ದನಿ ಗಟ್ಟಿಯಾಗಿಯೇ ಬಂತು.

"ನೋಡಿ, ನನ್ನ ಕೆಲಸಾನ ನೀವು ಅಕ್ಕಿ ಡಬ್ಬದಲ್ಲಿ ಮುಚ್ಚಿಡಬೇಕಾಗಿಲ್ಲ. ಬುಧವಾರ ನಂಗೆ ಹೈಸ್ಕೂಲ್ ಟೀಚರ್ ಇಂಟರ್‌ವ್ಯೂ ಇದೆ. ಅದಲ್ಲದಿದ್ರೆ ಇನ್ನೊಂದು. ನೂರ ಹದಿನಾರು ಜನರ ಹತ್ರ ಜವಾಬು ತರಿಸಿದೋಳಿಗೆ ಒಂದು ಕೆಲಸ ಸಿಗಲ್ವಾ? ದೊಡ್ಡಬಳ್ಳಾಪುರದವರಿಗೆ ಬೇಡ ಅಂತ ನಿನ್ನೆ ರಾತ್ರಿ ನಾನೇ ಅಪ್ಪನಿಗೆ ಹೇಳಿದ್ದೀನಿ. ಕಾರ್ಡ್ ಕೊಡಿ."

ಅವನು ಮನೆಯೊಳಗೆ ಹೋಗಿ ಕಾರ್ಡು ತಂದ. ಅದಕ್ಕೆ ಅಕ್ಕಿಯ ಹುಡಿ ಅಂಟಿತ್ತು. ಪೆನ್ಸಿಲ್ ಹಿಡಿದು ನಾಲ್ಕು ಸಾಲಿನ ಮೇಲೆ ಕಣ್ಣಾಡಿಸಿದ.

"ಈಗಲೂ ಅದೇ ಕಷ್ಟ. ಎಲ್ಲಿ ಹಾಕಲಿ?"

"ಎಲ್ಲೂ ಬೇಡ. ಕೆಳಗೆ ಒಂದು ಗೆರೆ ಎಳೆದು 'ಸ್ವಂತ ಬೇಸಾಯ' ಅಂತ ಬರೀರಿ. ರಿಜಿಸ್ಟರಲ್ಲಿ ನಿಮಗೋಸ್ಕರ ಒಂದು ಕಾಲಂ ಎಳೆದಿದ್ದೀನಿ. ಅದಕ್ಕೇ ಪ್ರಿನ್ಸಿಪಾಲರ ಹತ್ರ ಎರಡು ದಿನ ವಾದ ಮಾಡ್ದೆ."

ಬರೆಯುತ್ತಿದ್ದ ಕೈ ನಿಂತಿತು. ಅವನು ಅವಳನ್ನೇ ನೋಡಿದ. ಈ ಸಲ ಬೂಸಾ ಚೀಲದ ಕಡೆ ತಿರುಗಲಿಲ್ಲ. ಅಲ್ಲಿ ಚೀಲವೂ ಇರಲಿಲ್ಲ.

"ಹುಡುಗೀರ ಕಾರ್ಡಲ್ಲಿ ಒಂದು ಸಾಲು ಜಾಸ್ತಿ ಇದೆಯಂತೆ?"

"ಇದೆ. ವಿವಾಹಿತೆ ಅಂತ. ಮದುವೆ ಆದ್ರೆ ಅಲ್ಲಿಗೆ ಲೆಕ್ಕ ಮುಗೀತು."

"ಗಂಡಸರಿಗೆ ಯಾಕಿಲ್ಲ?"

"ಗಂಡಸರಿಗೆ ಮದುವೆ ಒಂದು ಕೆಲಸ ಅಲ್ವಲ್ಲ."

"ಅಲ್ಲ ಅಂತ ಯಾರು ಹೇಳಿದ್ರು?" ಎಂದು ಅವನು ಕಾರ್ಡನ್ನು ಬುಟ್ಟಿಯ ಅಂಚಿಗೆ ಒತ್ತಿ ಹಿಡಿದು ಇನ್ನೊಂದು ಗೆರೆ ಎಳೆದ. ನಿಧಾನವಾಗಿ 'ಮದುವೆ' ಎಂದು ಬರೆದ. ಅದರ ಮುಂದೆ ಜಾಗ ಬಿಟ್ಟು ಕಾರ್ಡನ್ನೂ ಪೆನ್ಸಿಲನ್ನೂ ಅವಳತ್ತ ಚಾಚಿದ.

"ಇದೊಂದು ಸಾಲು ನಾನೊಬ್ಬನೇ ತುಂಬೋಕಾಗಲ್ಲ," ಎಂದ.

ಎಲೆಯ ಸಂದಿಯಿಂದ ಬಿದ್ದ ಬಿಸಿಲು ಅವನ ಕೈ ಮೇಲೆ ಆಡುತ್ತಿತ್ತು. ಮೂರು ಗಾಡಿ ದ್ರಾಕ್ಷಿ ಬೆಳೆದ ಕೈ.

"ಇದನ್ನ ಪ್ರಿನ್ಸಿಪಾಲರು ಓದ್ತಾರೆ," ಎಂದಳು.

"ಓದ್ಲಿ. ಸಾಕ್ಷಿ ಇರ್ಲಿ."

"ಕೆಲಸಕ್ಕೆ ಹೋಗೋ ಹೆಂಡತಿ ಆಗುತ್ತಾ?"

"ನಾನೂ ಕೆಲಸಕ್ಕೆ ಹೋಗೋನೇ. ಈಗ ತಾನೇ ನೀವೇ ಬರೆಸಿದ್ರಲ್ಲ."

ಗೋಪಾಲಮ್ಮ ಪೆನ್ಸಿಲ್ ತೆಗೆದುಕೊಂಡಳು. ಬಿಟ್ಟ ಜಾಗದಲ್ಲಿ ಮುತ್ತಿನಂಥ ಅಕ್ಷರದಲ್ಲಿ ಬರೆದಳು: 'ಹೂ ಬಿಟ್ಟಿದೆ. ಕಾಯಿ ಕಚ್ಚಲಿ, ಆಮೇಲೆ ಬರೆಯುತ್ತೇನೆ.'

ತಾನೇ ಬರೆದು ಕಳಿಸಿದ್ದ ಮಾತನ್ನು ಅವಳ ಅಕ್ಷರದಲ್ಲಿ ಓದಿ ಅವನು ಜೋರಾಗಿ ನಕ್ಕುಬಿಟ್ಟ. ಮಜ್ಜಿಗೆ ಹಿಡಿದು ಬಂದ ಸುಬ್ಬಮ್ಮ ಇಬ್ಬರ ಮುಖವನ್ನೂ ನೋಡಿ, "ಅಣ್ಣು ತಿನ್ನಿಸ್ದೇನೋ ಇಲ್ವೋ ಆ ಮಗೀಗೆ, ಬರೀ ಕಾರ್ಡಿನಾಗೇ ಅವ್ನೆ," ಎಂದು ಬೈದರು.

ಅವತ್ತು ಜಕ್ಕೂರು ಕೆರೆ ಏರಿಯ ಮೇಲೆ ಹಿಂದಿರುಗುವಾಗ ಬಿಸಿಲು ಇನ್ನೂ ಇತ್ತು. ಕೊಡೆ ಬಿಚ್ಚುವುದು ಅವಳಿಗೆ ನೆನಪಾಗಲಿಲ್ಲ.

ಮಾರ್ಚ್ ಕೊನೆಗೆ, ಪಟ್ಟಿ ವಿಶ್ವವಿದ್ಯಾಲಯಕ್ಕೆ ಹೋಗುವ ದಿನ, ಪ್ರಿನ್ಸಿಪಾಲರು ನೂರ ಹದಿನೆಂಟನೆಯ ಕಾರ್ಡನ್ನು ಕೈಗೆತ್ತಿಕೊಂಡರು. ಅದು ಗೋಪಾಲಮ್ಮನದು. ಸರ್ಕಾರಿ ನೌಕರಿ ಎಂಬಲ್ಲಿ ಗೀಟು. ಪಕ್ಕದಲ್ಲಿ 'ಹೈಸ್ಕೂಲು ಉಪಾಧ್ಯಾಯಿನಿ, ಜೂನ್‌ನಿಂದ.' ವಿವಾಹಿತೆ ಎಂಬಲ್ಲೂ ಗೀಟು, ಪಕ್ಕದಲ್ಲಿ 'ವೈಶಾಖದಲ್ಲಿ.'

ಅವರು ಕನ್ನಡಕ ಸರಿಮಾಡಿಕೊಂಡರು. "ಒಂದು ಕಡೆ ಹಾಕಬೇಕಲ್ಲಮ್ಮ. ನಿನ್ನನ್ನ ಯಾವುದರಲ್ಲಿ ಸೇರಿಸಲಿ?"

"ಎರಡರಲ್ಲೂ ಸಾರ್."

"ಎರಡರಲ್ಲೂ ಸೇರಿಸಿದ್ರೆ ಒಟ್ಟು ನೂರ ಹತ್ತೊಂಬತ್ತಾಗುತ್ತೆ. ಇರೋದು ನೂರ ಹದಿನೆಂಟು ಜನ."

"ಆಗ್ಲಿ ಸಾರ್," ಎಂದಳು ಗೋಪಾಲಮ್ಮ. "ಯಾಕೆ ಅಂತ ಯೂನಿವರ್ಸಿಟಿಯವರು ಕೇಳಿದ್ರೆ ನಂಗೆ ಒಂದು ಕಾರ್ಡ್ ಹಾಕೋಕೆ ಹೇಳಿ. ನಾನು ತಪ್ಪದೆ ಜವಾಬು ಬರೀತೀನಿ."